ಯಾರಿಗಾಗಿ ಮಾಡುವುದು?

ಯಂತ್ರ ಮಾಡಿಕೊಟ್ಟ ರೂಪದಲ್ಲಿ ದೇವರು ನೆಲೆಸುತ್ತಾನೆಯೇ? ಕೆಲವು ವರ್ಷಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತೆಲಂಗಾಣದ ಸಿದ್ದಿಪೇಟೆ ಜಿಲ್ಲೆಯ ಬೂರುಗುಪಲ್ಲಿಯಲ್ಲಿ 2023ರಲ್ಲಿ ಮೂರು ಗರ್ಭಗುಡಿಗಳ ಒಂದು ದೇವಸ್ಥಾನವನ್ನು 3ಡಿ ಮುದ್ರಣದಿಂದ ಕಟ್ಟಿದರು. ಗಣಪತಿಗೆ ಮೋದಕದ ಆಕಾರದ ಗುಡಿ, ಶಿವನಿಗೆ ಚೌಕದ ಗುಡಿ, ಪಾರ್ವತಿಗೆ ಕಮಲದ ಗುಡಿ. ಕಾಂಕ್ರೀಟಿನ ಗಾರೆಯನ್ನು ಯಂತ್ರದ ತೋಳು ಪದರದ ಮೇಲೆ ಪದರ ಹಾಕುತ್ತ ಹೋಗಿ ಗೋಡೆ ಎಬ್ಬಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರು ಪಕ್ಕದ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಇದೇ ವಿಧಾನದ ಅಂಚೆ ಕಚೇರಿಯೂ ತೆರೆಯಿತು. ಅಂಚೆ ಕಚೇರಿ ಕಂಡವರು ಗೋಡೆಯ ಗೆರೆಗಳನ್ನು ಸವರಿ ನೋಡಿ ಮೆಚ್ಚಿಕೊಂಡು ಸುಮ್ಮನಾದರು. ದೇವಸ್ಥಾನದ ಸುದ್ದಿಗೆ ಹಾಗಾಗಲಿಲ್ಲ. ನಮ್ಮ ಬಡಾವಣೆಯ ಹಿರಿಯರು, ಜೊತೆಗೆ ಕೆಲಸ ಮಾಡಿದವರು, ನೆಂಟರು ಎಲ್ಲರೂ ನನ್ನನ್ನು ಕೇಳತೊಡಗಿದರು: ನೀವು ಇದೇ ಕಸುಬಿನವರು, ನಿಮಗೇನನ್ನಿಸುತ್ತದೆ?

ನಾನು ಬಡಿಗರ ಮನೆತನದವನು. ಅಜ್ಜ ಊರಿನ ತೇರಿನ ಗಾಲಿ ನೋಡಿಕೊಳ್ಳುತ್ತಿದ್ದ. ಅಪ್ಪ ಊರು ಬಿಟ್ಟು ಬೆಳಗಾವಿಗೆ ಬಂದು ಉದ್ಯಮಬಾಗದ ಫೌಂಡ್ರಿಗಳಿಗೆ ತೇಗದ ಪ್ಯಾಟರ್ನ್ ಕೆತ್ತಿಕೊಡುತ್ತಿದ್ದ. ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಗುಂಡಿಯ ಆಕಾರ ಬೀಳಬೇಕಲ್ಲ, ಅದಕ್ಕಾಗಿ ಮರದಲ್ಲಿ ಮಾಡುವ ಮಾದರಿಯೇ ಪ್ಯಾಟರ್ನ್. ಅಪ್ಪನ ಪೆಟ್ಟಿಗೆಯಲ್ಲಿ ಎರಡು ಅಳತೆಪಟ್ಟಿಗಳಿದ್ದವು. ಒಂದು ಅಂಗಡಿಯಲ್ಲಿ ಸಿಗುವಂಥದ್ದು. ಇನ್ನೊಂದು ಶ್ರಿಂಕೇಜ್ ಸ್ಕೇಲು. ಅದರ ಲೆಕ್ಕದ ಒಂದು ಮೀಟರು ನಿಜವಾದ ಮೀಟರಿಗಿಂತ ಸುಮಾರು 10 ಮಿಲಿಮೀಟರ್ ಉದ್ದ. ಕರಗಿದ ಬೀಡು ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ, ಉಕ್ಕಾದರೆ ಎರಡು ಪಾಲು. ಅದಕ್ಕೇ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಕೆತ್ತಬೇಕು. ಮರಳು ಕುಸಿಯದಂತೆ ಪ್ಯಾಟರ್ನ್ ಮೇಲಕ್ಕೆತ್ತಲು ಅದರ ಪಕ್ಕಗಳಿಗೆ ತುಸುವೇ ಇಳಿಜಾರು ಕೊಡಬೇಕು. ಎರಕವಾದ ಮೇಲೆ ಪಂಪಿನ ಮೈ ಊರೂರಿಗೆ ಹೋಗುತ್ತದೆ, ಪ್ಯಾಟರ್ನ್ ಅಟ್ಟದಲ್ಲಿ ಉಳಿಯುತ್ತದೆ. ಯಾರೂ ಬಳಸದ, ಯಾರೂ ಕಾಣದ ವಸ್ತುವಿಗೆ ಅಪ್ಪ ತನ್ನ ಕಣ್ಣು ಕೈಗಳನ್ನೆಲ್ಲ ಧಾರೆ ಎರೆದ. ನಾನು ಪೀಣ್ಯದ ಟೂಲ್ ರೂಮೊಂದರಲ್ಲಿ ಉಕ್ಕಿನ ಅಚ್ಚುಗಳ ಕೆಲಸ ಮಾಡಿದೆ, ಕೊನೆಯ ವರ್ಷಗಳಲ್ಲಿ ಅಲ್ಲಿನ ಪ್ರೊಟೊಟೈಪ್ ವಿಭಾಗ ನೋಡಿಕೊಂಡೆ. ಹೀಗೆ ನಮ್ಮ ಮನೆಯ ಎರಡು ತಲೆಮಾರು ಮಾದರಿ ಮಾಡುವುದರಲ್ಲೇ ಕಳೆದಿದೆ. ವಸ್ತು ಹುಟ್ಟುವ ಮೊದಲು ಅದರ ರೂಪ ಹುಟ್ಟುವುದನ್ನು ನೋಡುವ ಕೆಲಸ ಅದು. ಧರ್ಮದ ಪ್ರಶ್ನೆಯನ್ನು ಅಲ್ಲಿಂದಲೇ ಯೋಚಿಸುವುದು ನನಗೆ ಬರುತ್ತದೆ.

3ಡಿ ಮುದ್ರಣ ಯಂತ್ರ ಕೆಲಸ ಮಾಡುವ ಬಗೆ ಸರಳ. ಅಜ್ಜಿ ಚಕ್ಕುಲಿ ಒರಳಿನಿಂದ ಹಿಟ್ಟಿನ ಎಳೆ ಇಳಿಸಿ ಸುತ್ತುವಂತೆ, ಸುಮಾರು 200 ಡಿಗ್ರಿ ಶಾಖದ ನಾಜಲ್‌ನಿಂದ ಕರಗಿದ ಪ್ಲಾಸ್ಟಿಕ್ ಎಳೆ ಇಳಿಯುತ್ತದೆ. ಒಂದು ಪದರದ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗ. ಅದು ಆರುವಷ್ಟರಲ್ಲಿ ಮೇಲೆ ಮತ್ತೊಂದು. ಅಪ್ಪನಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ಮಾದರಿ ರಾತ್ರಿ ಹಚ್ಚಿಟ್ಟು ಹೋದರೆ ಬೆಳಿಗ್ಗೆಗೆ ಸಿದ್ಧ. ಈ ವಿದ್ಯೆಗೆ ನಾಲ್ಕು ದಶಕಗಳ ವಯಸ್ಸು. ಜಪಾನಿನ ನಗೋಯಾದ ಹಿಡಿಯೊ ಕೊಡಾಮ ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿ ಮಾಡುವ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ಅಮೆರಿಕದ ಚಕ್ ಹಲ್ ಅವರಿಗೆ 1986ರಲ್ಲಿ ಪೇಟೆಂಟ್ ಸಿಕ್ಕಿತು. ಬಹಳ ಕಾಲ ಅದು ದೊಡ್ಡ ಕಂಪನಿಗಳ ಸ್ವತ್ತಾಗಿತ್ತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ತನ್ನ ಬಿಡಿಭಾಗಗಳನ್ನು ತಾನೇ ಮುದ್ರಿಸಿಕೊಳ್ಳಬಲ್ಲ ಯಂತ್ರದ ಯೋಜನೆ ಆರಂಭಿಸಿ, ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎಳೆ ಕರಗಿಸುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿಯಿತು. ಬೆಲೆ ಇಳಿಯಿತು. ಇಂದು ಒಂದು ಒಳ್ಳೆಯ ಮೊಬೈಲ್ ಫೋನಿನ ದುಡ್ಡಿಗೆ ಒಂದು ಯಂತ್ರ ಮನೆಗೆ ಬರುತ್ತದೆ.

ನಮ್ಮ ದೇಶಕ್ಕೆ ಈ ಚಳವಳಿ ಮೊದಲು ಬಂದದ್ದು ಮಹಾನಗರಕ್ಕಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ. ಹಿಂದುಸ್ತಾನ್ ಲಿವರ್‌ನ ಕೆಲಸ ಬಿಟ್ಟು ಬಂದ ವಿಜ್ಞಾನಿ ಶ್ರೀನಾಥ ಕಲಬಾಗ್ ಅವರು 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ಕಟ್ಟಿದ್ದರು. ಶಾಲೆ ಬಿಟ್ಟ ಮಕ್ಕಳು ಕೈಯಿಂದ ಮಾಡುತ್ತ ಕಲಿಯುವ ಜಾಗ ಅದು. ಅಮೆರಿಕದ ಎಂಐಟಿಯ ನೀಲ್ ಗರ್ಶನ್‌ಫೆಲ್ಡ್, ಬೇಕಾದ ವಸ್ತುವನ್ನು ಜನರೇ ಮಾಡಿಕೊಳ್ಳುವ ತಮ್ಮ ‘ಫ್ಯಾಬ್ ಲ್ಯಾಬ್’ ಅನ್ನು ಎಂಐಟಿಯ ಹೊರಗೆ ಮೊದಲು ನೆಟ್ಟದ್ದು 2002ರಲ್ಲಿ, ಈ ಪಾಬಳದಲ್ಲಿ. ಮುಂದೆ 2016ರಿಂದ ಶಾಲೆಗಳಿಗೆ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಇಂಥ ಶಾಲೆಗಳು ಈಗ 10,000ದಷ್ಟಿವೆ, ಅವುಗಳ ಸಲಕರಣೆಯಲ್ಲಿ 3ಡಿ ಮುದ್ರಣ ಯಂತ್ರವೂ ಸೇರಿದೆ. ಇನ್ನೊಂದು ತುದಿಯಲ್ಲಿ ಇಸ್ರೊ ಇದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ನನ್ನು ಲೋಹದ ಪುಡಿಯಿಂದ ಮುದ್ರಿಸಿ, 2024ರ ಮೇ 9ರಂದು 665 ಸೆಕೆಂಡು ಉರಿಸಿ ಪರೀಕ್ಷಿಸಿದರು. ಮೊದಲು 14 ಬಿಡಿಭಾಗಗಳಾಗಿದ್ದದ್ದು ಒಂದೇ ತುಂಡಾಯಿತು, 19 ಬೆಸುಗೆಗಳು ಹೋದವು.

ಹೀಗೆ ಹಳ್ಳಿಯ ಶಾಲೆಯಿಂದ ಆಕಾಶದವರೆಗೆ ಹರಡಿಕೊಂಡದ್ದು ಗುಡಿಯ ಬಾಗಿಲಿಗೆ ಬರದೆ ಇದ್ದೀತೇ? ನಮ್ಮ ಬಡಾವಣೆಯ ದೇವಸ್ಥಾನಕ್ಕೂ ಬಂತು. ರಥೋತ್ಸವದ ಮರುದಿನ ಉತ್ಸವಮೂರ್ತಿಯನ್ನು ಇಳಿಸುವಾಗ ಪ್ರಭಾವಳಿಯ ಬಲಗಡೆಯ ಬಳ್ಳಿ ಮುರಿಯಿತು. ಎರಕದ ಹಳೆಯ ಕೆಲಸ, ಎಡಗಡೆ ಹಾಗೇ ಉಳಿದಿತ್ತು. ಸಮಿತಿಯ ಕಿರಿಯರು ಎಡಭಾಗವನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಬಲಕ್ಕೆ ತಿರುಗಿಸಿ, ಮೇಣದಂತೆ ಕರಗುವ ವಸ್ತುವಿನಲ್ಲಿ ಮುದ್ರಿಸಿಕೊಂಡು ಬಂದರು. ಅದನ್ನು ಎರಕದವರಿಗೆ ಕೊಟ್ಟು ಪಂಚಲೋಹದಲ್ಲಿ ಹೊಯ್ಯಿಸುವ ಆಲೋಚನೆ. ಸಮಿತಿಯ ಹಿರಿಯರೊಬ್ಬರು ಒಪ್ಪಲಿಲ್ಲ. "ಯಂತ್ರ ಉಗುಳಿದ್ದನ್ನು ಸ್ವಾಮಿಯ ಬೆನ್ನಿಗೆ ನಿಲ್ಲಿಸುತ್ತೀರೇನ್ರೀ? ವ್ರತ ಇಲ್ಲ, ನೇಮ ಇಲ್ಲ, ಮಾಡಿದವನು ಯಾರೆಂದೇ ಗೊತ್ತಿಲ್ಲ" ಎಂದರು. ಅವರ ದನಿಯಲ್ಲಿದ್ದದ್ದು ಹಟ ಎನ್ನಿಸಲಿಲ್ಲ, ನೋವು ಎನ್ನಿಸಿತು. ಆ ನೋವಿಗೆ ತಕ್ಕ ಉತ್ತರ ಕೊಡಬೇಕಾದರೆ ನಮ್ಮ ಪರಂಪರೆ ಏನು ಮಾಡಿದೆ ಎಂದು ಮೊದಲು ನೋಡಬೇಕು.

ಬೇಲೂರಿಗೆ ಹೋದವರೆಲ್ಲ ನವರಂಗದ ಕಂಬಗಳನ್ನು ನೋಡಿರುತ್ತಾರೆ. ಉಂಗುರ ಉಂಗುರವಾಗಿ, ಗಂಟೆಯ ಆಕಾರದಲ್ಲಿ, ಕನ್ನಡಿಯಂತೆ ನುಣುಪಾದ ಕಂಬಗಳು. ಬಳಪದ ಕಲ್ಲನ್ನು ಚರಕಿಗೆ ಏರಿಸಿ, ತಿರುಗಿಸುತ್ತ ಕಡೆದದ್ದು ಅವು. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಮುಂದೆಯೇ, ಯಂತ್ರ ಕಡೆದ ಕಂಬಗಳು ನಿಂತವು. ಅವುಗಳ ಪಕ್ಕದಲ್ಲೇ ಕೈಯಿಂದ ಕೆತ್ತಿದ ಮದನಿಕೆಯರೂ ಇದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಕೈಯ ಕೆಲಸ, ಯಂತ್ರದ ಕೆಲಸ ಎಂದು ಆ ಗುಡಿ ಭೇದ ಮಾಡಲಿಲ್ಲ. ಎಲ್ಲಿ ಏನು ಬೇಕೋ ಅಲ್ಲಿ ಅದನ್ನು ಕರೆದುಕೊಂಡಿತು.

ಇನ್ನು ಮಾದರಿಯ ಮಾತು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ಗ್ರಂಥ ರಚಿಸಿದ. ಅರಸನಾದವನು ತಿಳಿದಿರಬೇಕಾದ ನೂರು ವಿಷಯಗಳಲ್ಲಿ ದೇವರ ವಿಗ್ರಹವನ್ನು ಎರಕ ಹೊಯ್ಯುವ ಬಗೆಯೂ ಅದರಲ್ಲಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಅದರ ಮೇಲೆ ಮಣ್ಣಿನ ಲೇಪ, ಪದರದ ಮೇಲೆ ಪದರ, ನಡುನಡುವೆ ನೆರಳಿನಲ್ಲಿ ಒಣಗಿಸಬೇಕು. ಮೇಣವನ್ನು ಮೊದಲೇ ತೂಗಿಟ್ಟಿರಬೇಕು. ತಾಮ್ರ ಹಿತ್ತಾಳೆಯಾದರೆ ಮೇಣದ ಎಂಟರಷ್ಟು ತೂಕ, ಬೆಳ್ಳಿಯಾದರೆ ಹನ್ನೆರಡರಷ್ಟು, ಚಿನ್ನವಾದರೆ ಹದಿನಾರರಷ್ಟು. ಆಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಲೋಹ ಬಂದು ತುಂಬುತ್ತದೆ. ನಾನು ಇದನ್ನು ಓದಿದಾಗ ಅಪ್ಪನ ಶ್ರಿಂಕೇಜ್ ಸ್ಕೇಲು ಕಣ್ಣಮುಂದೆ ಬಂತು. ನಾವು ಪೂಜಿಸುವ ಪಂಚಲೋಹದ ಪ್ರತಿ ಮೂರ್ತಿಯ ಹಿಂದೆಯೂ ಕರಗಿಹೋದ ಒಂದು ಮೇಣದ ಮೂರ್ತಿ ಇದೆ. ಆ ಮೇಣಕ್ಕೆ ಯಾರೂ ಅಭಿಷೇಕ ಮಾಡಲಿಲ್ಲ. ಆದರೆ ಲೋಹದಲ್ಲಿ ನಿಂತ ಕಣ್ಣು, ಮೂಗು, ಅಭಯಹಸ್ತ ಎಲ್ಲವೂ ಮೊದಲು ಮೂಡಿದ್ದು ಅದರಲ್ಲೇ. ಬೆಂಗಳೂರಿನ ನಗರ್ತಪೇಟೆಯಲ್ಲಿ ಚಿನ್ನದ ಕೆಲಸದವರು ಇಂದು ಮುದ್ರಿಸಿದ ಮೇಣವನ್ನೇ ಸುಣ್ಣದಂಥ ಹಿಟ್ಟಿನಲ್ಲಿ ಹೂತು, ಕರಗಿಸಿ, ಚಿನ್ನ ಹೊಯ್ಯುತ್ತಾರೆ. ಮೇಣಕ್ಕೆ ರೂಪ ಕೊಡುವ ಸಾಧನವಷ್ಟೇ ಬದಲಾಗಿದೆ. ಉಳಿದದ್ದು ಸೋಮೇಶ್ವರನ ಪುಸ್ತಕದ ದಾರಿ.

ಹಿರಿಯರ ಎರಡನೇ ಮಾತು ಇನ್ನೂ ಆಳದ್ದು. ತಪಸ್ಸಿಲ್ಲದೆ ಆದದ್ದಕ್ಕೆ ತೇಜಸ್ಸು ಎಲ್ಲಿಂದ ಬಂದೀತು? ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಅವರು ಮೂರ್ತಿಯ ಕಣ್ಣು ತೆರೆಸಿದ್ದು ಚಿನ್ನದ ಉಳಿ, ಬೆಳ್ಳಿಯ ಸುತ್ತಿಗೆಯಿಂದ. ನೇತ್ರೋನ್ಮೀಲನ ಎಂಬ ಆ ಗಳಿಗೆಯನ್ನು ಶಿಲ್ಪಶಾಸ್ತ್ರ ಯಾವ ಅವಸರಕ್ಕೂ ಬಿಟ್ಟುಕೊಟ್ಟಿಲ್ಲ. ಕಲ್ಲು ಎದುರು ನಿಲ್ಲುತ್ತದೆ, ಮರ ತನ್ನ ನಾರಿನ ದಿಕ್ಕಿಗೆ ಉಳಿಯನ್ನು ಎಳೆಯುತ್ತದೆ. ಆ ಎದುರಿಕೆಯೇ ಮಾಡುವವನನ್ನು ತಿದ್ದುತ್ತ ಹೋಗುತ್ತದೆ. ಅಪ್ಪ ಪ್ಯಾಟರ್ನಿನ ಒಳಮೂಲೆಗೆ ಹೆಬ್ಬೆರಳು ಹಚ್ಚಿ, ಕಣ್ಣು ಮುಚ್ಚಿ ಸವರುತ್ತಿದ್ದ. ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳಿಗೆ ತಿಳಿಯುತ್ತಿತ್ತು. ಅಂಥ ಬೆರಳು ವರ್ಷಗಟ್ಟಲೆ ಮರ ಮುಟ್ಟದೆ ಬರುವುದಿಲ್ಲ. ಯಂತ್ರ ಈ ಎದುರಿಕೆಯನ್ನು ತೆಗೆದುಹಾಕಿದೆ. ಪರದೆಯ ಮೇಲೆ ಎಂಥ ಆಕಾರವನ್ನೂ ಕಲ್ಲಿನ ಒಪ್ಪಿಗೆ ಕೇಳದೆ ಎಳೆಯಬಹುದು. ವಸ್ತು ನಮಗೆ ಹೇಳುತ್ತಿದ್ದ ‘ತಡಿ’ ಎಂಬ ಮಾತನ್ನು ಇನ್ನು ಮುಂದೆ ನಾವೇ ನಮಗೆ ಹೇಳಿಕೊಳ್ಳಬೇಕಾಗಿದೆ. ಹಾಗಾಗಿ ಈ ಯಂತ್ರ ಮನುಷ್ಯನಿಂದ ಬೇಡುವ ಸಂಯಮ ಉಳಿ ಬೇಡಿದ್ದಕ್ಕಿಂತ ಹೆಚ್ಚು.

ಮಾಡಿದವನು ಯಾರೆಂದು ಗೊತ್ತಿಲ್ಲ ಎಂಬುದು ಹಿರಿಯರ ಮೂರನೇ ಆಕ್ಷೇಪ. ಗೀತೆಯ 18ನೇ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಕೆಲಸ ನಿಲ್ಲುವ ಆಧಾರ, ಮಾಡುವವನು, ಬಗೆಬಗೆಯ ಸಾಧನಗಳು, ಅವುಗಳ ಬೇರೆ ಬೇರೆ ಚಲನೆ, ಐದನೆಯದಾಗಿ ದೈವ. ತಾನೊಬ್ಬನೇ ಕರ್ತೃ ಎಂದು ತಿಳಿದವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಅಲ್ಲೇ ಹೇಳಿದೆ. ಪ್ರೊಟೊಟೈಪ್ ವಿಭಾಗದಲ್ಲಿ ಕೂತು ನಾನು ಈ ಐದನ್ನೂ ಕಣ್ಣಾರೆ ಕಂಡಿದ್ದೇನೆ. ಕೆಳಗಿನ ಹಲಗೆ ಸಮವಾಗಿಲ್ಲದಿದ್ದರೆ ಮೊದಲ ಪದರವೇ ಹಿಡಿಯುವುದಿಲ್ಲ, ಅದು ಆಧಾರ. ನಕ್ಷೆ ಎಳೆದ ಹುಡುಗ ಕರ್ತೃ. ನಾಜಲ್, ಮೋಟಾರು, ಎಳೆಯ ಸುರುಳಿ ಸಾಧನಗಳು. ತಲೆ ಆಚೆ ಈಚೆ ಓಡುವುದು, ಹಲಗೆ ಇಳಿಯುವುದು ಚಲನೆ. ಇಷ್ಟೆಲ್ಲ ಸರಿಯಿದ್ದೂ ಮಳೆಗಾಲದ ಒಂದು ರಾತ್ರಿ ನೈಲಾನ್ ಎಳೆ ತೇವ ಹೀರಿಕೊಳ್ಳುತ್ತದೆ, ನಾಜಲ್‌ನಲ್ಲಿ ಚಟಪಟ ಸದ್ದು ಬರುತ್ತದೆ, ಬೆಳಿಗ್ಗೆ ಬಾಗಿಲು ತೆರೆದರೆ ಒಂದು ಮೂಲೆ ಮೇಲೆದ್ದು ಸೊಟ್ಟಗಾಗಿರುತ್ತದೆ. ಇನ್ನೊಂದು ಯಂತ್ರದಲ್ಲಿ ಅದೇ ಎಳೆ, ಅದೇ ನಕ್ಷೆ ಚೆನ್ನಾಗಿ ಬಂದಿರುತ್ತದೆ. ಈ ಐದನೆಯದಕ್ಕೆ ಜಾಗ ಬಿಟ್ಟು ಕೆಲಸ ಮಾಡುವವನೇ ಅನುಭವಿ. ಹೀಗಿರುವಾಗ ಮಾಡಿದವನು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಹಿಂದೆಯೂ ಇರಲಿಲ್ಲ. ಬೇಲೂರಿನಲ್ಲಿ ಕಲ್ಲು ತೆಗೆದವರ, ಹೊತ್ತವರ, ಚರಕಿ ಎಳೆದವರ ಹೆಸರು ಯಾವ ಪೀಠದ ಮೇಲೂ ಇಲ್ಲ. ಅವರ ಶ್ರಮದ ಮೇಲೆಯೇ ದೇವರು ನಿಂತಿದ್ದಾನೆ.

ಇಷ್ಟಕ್ಕೆ ನಿಂತಿದ್ದರೆ ನಾನೂ ಸೋಮೇಶ್ವರನ ಪುಸ್ತಕದ ಬಳಿಯೇ ನಿಂತುಬಿಡುತ್ತಿದ್ದೆ. ಆದರೆ ಕಲ್ಯಾಣದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಗ್ರಂಥವಾಗಿ ಸುಮಾರು ಮೂರು ದಶಕಗಳಲ್ಲಿ, ಅದೇ ಊರಿಗೆ, ಬಿಜ್ಜಳನ ಕಾಲದಲ್ಲಿ, ಬಸವಣ್ಣನವರನ್ನು ಹುಡುಕಿಕೊಂಡು ಕೈಕಸುಬಿನವರು ಬಂದರು. ನೇಕಾರರು, ಹಗ್ಗ ಹೊಸೆಯುವವರು, ಚರ್ಮ ಹದ ಮಾಡುವವರು, ಬಡಿಗರು. ದೊರೆಯ ಪುಸ್ತಕ ದೇವರಿಗೆ ರೂಪ ಕೊಡುವುದು ಹೇಗೆ ಎಂದು ತೂಕ ಅಳತೆಗಳ ಸಮೇತ ಹೇಳಿತ್ತು. ಶರಣರು ಬೇರೊಂದು ಪ್ರಶ್ನೆ ತಂದರು. ನೀನು ಮಾಡುವ ಕೆಲಸ ಯಾರಿಗೆ ಸಲ್ಲುತ್ತದೆ? ಕಾಯಕದ ಫಲ ದಾಸೋಹಕ್ಕೆ ಹೋಗದಿದ್ದರೆ ಅದು ಕಾಯಕವೇ ಆಗಲಿಲ್ಲ ಎಂಬುದು ಅವರ ನಿಲುವು. ದೇವರನ್ನು ಅವರು ದೊಡ್ಡ ಗುಡಿಯಿಂದ ಒಬ್ಬೊಬ್ಬರ ಅಂಗೈಗೆ ಇಷ್ಟಲಿಂಗವಾಗಿ ತಂದರು. ರೂಪ ಪಡೆಯುವ ವಿದ್ಯೆ, ಆ ವಿದ್ಯೆಗೆ ಕೇಳಬೇಕಾದ ಪ್ರಶ್ನೆ, ಎರಡೂ ಒಂದೇ ಊರಿನಲ್ಲಿ, ಒಂದೇ ಶತಮಾನದಲ್ಲಿ ನಮಗೆ ಸಿಕ್ಕಿವೆ. ಇಂದಿನ ಯಂತ್ರ ಮೊದಲನೆಯದನ್ನು ಬೇಕಾದಷ್ಟು ಕೊಟ್ಟಿದೆ. ಎರಡನೆಯದನ್ನು ನಾವೇ ಕೇಳಿಕೊಳ್ಳಬೇಕು.

ಟೂಲ್ ರೂಮಿನಲ್ಲಿ ಕಳೆದ ಆಯುಷ್ಯದಿಂದ ಒಂದು ಮಾತು ಹೇಳಬಲ್ಲೆ. ಉಕ್ಕಿನ ಅಚ್ಚು ಕೇಳುವುದು ‘ಎಷ್ಟು ಬೇಕು?’ ಎಂದು. ಒಂದು ಪ್ಲಾಸ್ಟಿಕ್ ಬಕೆಟ್ಟಿನ ಹಿಡಿಕೆಗೆ ಅಚ್ಚು ಮಾಡಲು ಲಕ್ಷಗಟ್ಟಲೆ ಖರ್ಚು. ಸಾವಿರಾರು ಹಿಡಿಕೆ ಮಾರಿದರೆ ಮಾತ್ರ ಅದು ಗಿಟ್ಟುತ್ತದೆ. ಆ ಲೆಕ್ಕ ತಪ್ಪಲ್ಲ, ಬಡವರ ಮನೆಗೂ ಬಕೆಟ್ಟು ಬಂದದ್ದು ಅದರಿಂದಲೇ. ಆದರೆ ಆ ಲೆಕ್ಕದಲ್ಲಿ ಒಬ್ಬ ಮನುಷ್ಯ ಯಾವತ್ತೂ ಬರುವುದಿಲ್ಲ. ಬೆರಳು ಬೇರೆ ಥರ ಇರುವವರು, ಕಾಲು ಒಂದು ಅಂಗುಲ ಗಿಡ್ಡವಿರುವವರು, ದವಡೆ ಮುರಿದವರು ಇವರಿಗೆ ಅಚ್ಚಿನ ಜಗತ್ತಿನಲ್ಲಿ ಜಾಗವಿಲ್ಲ. ಪದರ ಕಟ್ಟುವ ಯಂತ್ರಕ್ಕೆ ಒಂದು ಮಾಡುವುದೂ ನೂರು ಮಾಡುವುದೂ ಬಿಡಿಯೊಂದಕ್ಕೆ ಬಹುಮಟ್ಟಿಗೆ ಒಂದೇ ಖರ್ಚು. ಆದ್ದರಿಂದ ಅದು ಕೇಳಬಲ್ಲ ಪ್ರಶ್ನೆ ‘ಯಾರಿಗೆ?’

ನನ್ನ ಅಕ್ಕ ಬೆಳಗಾವಿಯಲ್ಲಿದ್ದಾಳೆ. ಲಕ್ವ ಹೊಡೆದ ಮೇಲೆ ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ, ಹೆಬ್ಬೆರಳು ಒಳಕ್ಕೆ ತಿರುಗಿಕೊಂಡಿದೆ. ಸೊಸೆ ಉಣಿಸಿದರೆ ಉಣ್ಣುತ್ತಿದ್ದಳು, ಆದರೆ ತುತ್ತು ತುತ್ತಿಗೂ ಕುಗ್ಗುತ್ತಿದ್ದಳು. ಔಷಧದ ಅಂಗಡಿಯಲ್ಲಿ ಸಿಗುವ ದಪ್ಪ ಹಿಡಿಕೆಯ ಚಮಚ ಅವಳ ಕೈಗೆ ನಿಲ್ಲಲಿಲ್ಲ. ನಮ್ಮಲ್ಲಿಗೆ ತರಬೇತಿಗೆ ಬರುತ್ತಿದ್ದ ಡಿಪ್ಲೊಮಾ ಹುಡುಗಿಯೊಬ್ಬಳು ರಜೆಗೆ ಬೆಳಗಾವಿಗೆ ಹೋದಾಗ ಅಕ್ಕನ ಮನೆಗೆ ಹೋಗಿ ಕೂತಳು. ಜೋಳದ ಹಿಟ್ಟನ್ನು ಬಿಗಿಯಾಗಿ ನಾದಿ, ಉಂಡೆ ಮಾಡಿ, ಅಕ್ಕನ ಅಂಗೈಯಲ್ಲಿಟ್ಟು, ಆದಷ್ಟು ಮಡಚಮ್ಮಾ ಎಂದಳು. ಹಿಟ್ಟಿನ ಮೇಲೆ ಬಿದ್ದ ಬೆರಳಿನ ಗುರುತನ್ನು ಸುತ್ತಲಿನಿಂದ ಫೋನಿನಲ್ಲಿ ಫೋಟೊ ತೆಗೆದು, ಆ ಫೋಟೊಗಳಿಂದ ಕಂಪ್ಯೂಟರಿನಲ್ಲಿ ಆಕಾರ ಮಾಡಿಕೊಂಡಳು. ರಬ್ಬರಿನಂತೆ ಬಾಗುವ ಎಳೆಯಲ್ಲಿ ಹಿಡಿಕೆ ಮುದ್ರಿಸಿ, ಚಮಚ ಸಿಕ್ಕಿಸಿ ಕೊಟ್ಟಳು. ಮೊದಲಿನದು ಹೆಬ್ಬೆರಳಿನ ಬುಡಕ್ಕೆ ಒತ್ತಿತು. ಅಕ್ಕನನ್ನೇ ಕೇಳಿ ಅಲ್ಲಿ ಸ್ವಲ್ಪ ತಗ್ಗು ಕೊಟ್ಟಳು. ಮತ್ತೆ ಜಾರಿತು, ಅಲ್ಲಿ ಗೀರು ಕೊಟ್ಟಳು. ಹೀಗೆ ತಿದ್ದುತ್ತ ತಿದ್ದುತ್ತ ಒಂದು ಮಧ್ಯಾಹ್ನ ಅಕ್ಕ ತಾನೇ ನುಚ್ಚು ಮಜ್ಜಿಗೆ ಕಲಸಿಕೊಂಡು ಉಂಡಳು. ಫೋನಿನಲ್ಲಿ ನನಗೆ ಅಂದಳು: "ತಮ್ಮಾ, ಇದು ನನ್ನ ಕೈ ಗುರ್ತ ಹಿಡದೈತಿ ನೋಡು. ಅಂಗಡ್ಯಾಗಿಂದು ಹಂಗಿರ್ಲಿಲ್ಲ."

ನಮ್ಮ ಮನೆಯಲ್ಲಿ ಉಳಿ ಹಿಡಿಯುವ ವಿದ್ಯೆ ಗಂಡುಮಕ್ಕಳದಾಗಿತ್ತು. ಅಪ್ಪನ ಪ್ಯಾಟರ್ನಿನ ಸೊಟ್ಟ ಅಕ್ಕನ ಕಣ್ಣಿಗೆ ನನಗಿಂತ ಬೇಗ ಬೀಳುತ್ತಿತ್ತು, ಆದರೂ ಅವಳ ಕೈಗೆ ಯಾರೂ ಉಳಿ ಕೊಡಲಿಲ್ಲ. ಆ ಅಕ್ಕನ ಕೈಯನ್ನು ಓದಿಕೊಂಡು, ಅದಕ್ಕೆಂದೇ ಒಂದು ವಸ್ತು ಮಾಡಿದ್ದು ಬಡಿಗರ ಮನೆಯಲ್ಲಿ ಹುಟ್ಟದ, ಉಳಿಯನ್ನೇ ಹಿಡಿಯದ ಒಬ್ಬ ಹೆಣ್ಣುಮಗಳು. ಕುಲದ ಗೋಡೆಯೊಳಗಿದ್ದ ವಿದ್ಯೆ ಹೊರಗೆ ಬಂದದ್ದನ್ನು ನಾನು ಅಲ್ಲಿ ಕಂಡೆ. ಶರಣರ ಇಷ್ಟಲಿಂಗ ಒಬ್ಬರ ಅಂಗೈಗೆ ಬರುತ್ತದೆ, ಅವರ ಎದೆಯ ಮೇಲೆ ಬಾಳುತ್ತದೆ, ಇನ್ನೊಬ್ಬರದಕ್ಕೆ ಬದಲಿಯಲ್ಲ. ಪ್ರತಿಯೊಬ್ಬರೂ ದೇವರ ಮುಂದೆ ಒಬ್ಬೊಬ್ಬರಾಗಿಯೇ ನಿಲ್ಲುತ್ತಾರೆ, ಗುಂಪಿನ ಲೆಕ್ಕದಲ್ಲಿ ಯಾರೂ ಕಳೆದುಹೋಗುವುದಿಲ್ಲ ಎಂಬ ನಂಬಿಕೆ ಅದು. ಚಮಚದ ಹಿಡಿಕೆಯನ್ನು ನಾನು ಲಿಂಗಕ್ಕೆ ಹೋಲಿಸುತ್ತಿಲ್ಲ. ಒಬ್ಬರನ್ನು ಒಬ್ಬರಾಗಿಯೇ ಕಾಣುವ ಆ ನಂಬಿಕೆ ಕಾರ್ಖಾನೆಯೊಳಗೆ ಕಾಲಿಡಲು ಈಗ ದಾರಿ ಸಿಕ್ಕಿದೆ ಎನ್ನುತ್ತಿದ್ದೇನೆ.

ಇದೇ ಯಂತ್ರದಲ್ಲಿ ಅಪಾಯವೂ ಇದೆ. ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಮಾಡುವುದು ಸುಲಭವಾದಷ್ಟೂ ಲಕ್ಕಮ್ಮನ ಆ ಮಾತು ಹತ್ತಿರದಲ್ಲಿರಬೇಕು. ಇಸ್ರೊದ ಆ ಎಂಜಿನ್ನಿಗೆ ಹಳೆಯ ವಿಧಾನದಲ್ಲಿ 565 ಕಿಲೊ ಲೋಹ ಬೇಕಾಗಿತ್ತು, ಕೊರೆದು ಹೆಚ್ಚಿನದನ್ನು ತೆಗೆದುಹಾಕಬೇಕಿತ್ತು. ಮುದ್ರಿಸಿದಾಗ ಸಾಕಾದದ್ದು 13.7 ಕಿಲೊ ಪುಡಿ. ಭೂಮಿಯಿಂದ ತೆಗೆದುಕೊಳ್ಳುವುದರಲ್ಲಿ ಇಷ್ಟು ಮಿತಿ ಬಂದರೆ ಅದು ಅಪರಿಗ್ರಹವೇ. ಇನ್ನೊಂದೆಡೆ, ಸುಮ್ಮನೆ ನೋಡೋಣ ಎಂದು ಮುದ್ರಿಸಿ ಬಿಸಾಡಿದ ತುಂಡುಗಳು ಪ್ರತಿ ಪ್ರೊಟೊಟೈಪ್ ಅಂಗಡಿಯ ಹಿಂದೆ ಮೂಟೆಗಟ್ಟಲೆ ಬಿದ್ದಿರುತ್ತವೆ. ಪಿಎಲ್‌ಎ ಎಂಬ ಎಳೆಯನ್ನು ಮೆಕ್ಕೆಜೋಳದಂಥ ಬೆಳೆಯಿಂದ ಮಾಡುತ್ತಾರೆ, ಅದು ಮಣ್ಣಿನಲ್ಲಿ ಕರಗಿಬಿಡುತ್ತದೆ ಎಂದು ಹಲವರ ನಂಬಿಕೆ. ಆದರೆ ಅದು ಕರಗಲು ಸುಮಾರು 60 ಡಿಗ್ರಿ ಶಾಖ ಕಾಯ್ದುಕೊಳ್ಳುವ ಗೊಬ್ಬರದ ಘಟಕ ಬೇಕು. ಕೆರೆಯಲ್ಲಿ ಅದು ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಚೌತಿಯ ಗಣಪತಿಯೂ ಸ್ವಲ್ಪ ಕಾಲಕ್ಕೆಂದು ಮಾಡಿದ ರೂಪವೇ. ಕೆರೆಯ ಮಣ್ಣಿನಿಂದ ಬಂದು, ಪೂಜೆಗೊಂಡು, ಕೆರೆಗೇ ಮರಳುತ್ತಾನೆ. ಆವಾಹನೆ ಮಾಡಿದವರೇ ವಿಸರ್ಜನೆಯನ್ನೂ ಮಾಡಬೇಕೆಂಬ ಕಟ್ಟಳೆ ಅಲ್ಲಿದೆ. ಮಾದರಿ ಮಾಡುವವರೂ ಅದನ್ನೇ ಪಾಲಿಸಬೇಕು. ಕೆಲಸ ಮುಗಿದ ಮಾದರಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲದಿದ್ದರೆ ಯಂತ್ರದ ಗುಂಡಿ ಒತ್ತುವ ಅಧಿಕಾರವೂ ಇಲ್ಲ.

ಪ್ರಭಾವಳಿಯ ವಿಷಯ ಹೀಗೆ ಮುಗಿಯಿತು. ನಮ್ಮ ಅರ್ಚಕರು ಮುದ್ರಿಸಿದ ಬಳ್ಳಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಜೀರ್ಣವಾದದ್ದನ್ನು ಸರಿಪಡಿಸಲು ವಿಧಿ ಇದೆ, ಸಂಪ್ರೋಕ್ಷಣೆ ನಾನು ಮಾಡುತ್ತೇನೆ ಎಂದರು. ಅವರು ಹಾಕಿದ ಶರತ್ತು ಒಂದೇ. "ಮುರಿದ ತುಂಡನ್ನು ಗುಜರಿಗೆ ಹಾಕಬೇಡಿ. ಹೊಸ ಎರಕದ ಮೂಸೆಗೆ ಅದನ್ನೇ ಹಾಕಿ." ಎರಕದವರು ಹಾಗೇ ಮಾಡಿದರು. ಒರಟು ಉಳಿದಿದ್ದ ಅಂಚುಗಳನ್ನು ಅರದಿಂದ ಉಜ್ಜಿ, ಎಲೆಯ ನರಗಳನ್ನು ಉಳಿಯಿಂದ ಮತ್ತೆ ತೆರೆದರು. ಆಕ್ಷೇಪಿಸಿದ ಹಿರಿಯರು ಮೂಸೆಯ ಮುಂದೆ ಕೊನೆಯವರೆಗೂ ನಿಂತಿದ್ದರು. ಯಂತ್ರ ಕೊಟ್ಟ ರೂಪದಲ್ಲಿ ದೇವರು ನೆಲೆಸುತ್ತಾನೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ಆ ರೂಪಕ್ಕೆ ಒಬ್ಬರು ಹೊಣೆ ಹೊತ್ತಿದ್ದರೆ, ಹಳೆಯದನ್ನು ಬಿಸಾಡದೆ ಹೊಸದರೊಳಗೆ ತಂದಿದ್ದರೆ, ಅದು ಯಾರಿಗಾಗಿ ಎಂದು ಮಾಡುವಾಗಲೇ ಗೊತ್ತಿದ್ದರೆ, ಖಂಡಿತ ಹೌದು. ಈ ಮೂರೂ ಇಲ್ಲದೆ ಮಾಡಿದ ಮೂರ್ತಿ ಕೈಯಿಂದಲೇ ಕೆತ್ತಿದ್ದಾದರೂ ಅಂಗಡಿಯ ಸರಕು.

ಹೋದ ವರ್ಷ ಒಂದು ಹೈಸ್ಕೂಲಿನ ಲ್ಯಾಬಿಗೆ ಹೋಗಿದ್ದೆ. ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡುಹೂವು ಯಂತ್ರದ ಮೇಲೆ ಇನ್ನೂ ಇದ್ದವು. ಕಪಾಟಿನಲ್ಲಿ ಮಕ್ಕಳು ಮುದ್ರಿಸಿದ್ದೆಲ್ಲ ಜೋಡಿಸಿದ್ದರು, ಹೆಚ್ಚಿನವು ಅವರವರ ಹೆಸರಿನ ಕೀ ಚೈನುಗಳು. ಮಕ್ಕಳ ಉತ್ಸಾಹ ದೊಡ್ಡದು, ಅದನ್ನು ಕುಗ್ಗಿಸುವ ಮಾತು ನನ್ನದಲ್ಲ. ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ ಮಾತ್ರ ಇದೆ. ಮಗು ಯಂತ್ರದಲ್ಲಿ ಮಾಡುವ ಮೊದಲ ವಸ್ತು ತನ್ನ ಹೆಸರಿನದಾಗದಿರಲಿ. ಊರಿನಲ್ಲಿ ಕೈ ನಡುಗುವ ಒಬ್ಬ ಅಜ್ಜ ಇರುತ್ತಾನೆ, ಊರುಗೋಲಿನ ತುದಿ ಸವೆದ ಒಬ್ಬ ಅಜ್ಜಿ ಇರುತ್ತಾಳೆ. ಮಗು ಅವರ ಮನೆಗೆ ಹೋಗಲಿ, ಅವರ ಕೈಯನ್ನು ಮುಟ್ಟಿ ಅಳತೆ ತೆಗೆದುಕೊಳ್ಳಲಿ. ಮಾಡಿದ್ದು ಒತ್ತಿದರೆ ಬೈಸಿಕೊಂಡು ಬರಲಿ, ತಿದ್ದಲಿ, ಹಳೆಯದನ್ನು ವಾಪಸು ತಂದು ಕರಗಿಸುವ ಡಬ್ಬಿಗೆ ಹಾಕಲಿ. ಒಂದು ವರ್ಷದಲ್ಲಿ ಒಂದು ಮಗು ಒಬ್ಬರಿಗೆ ಹೀಗೆ ಮಾಡಿದರೂ ಸಾಕು. ಹತ್ತು ಸಾವಿರ ಶಾಲೆಗಳಿಗೆ ಯಂತ್ರ ಕೊಡುವುದು ಸರಕಾರದಿಂದ ಆಗುವ ಕೆಲಸ. ಅದನ್ನು ಕಾಯಕವಾಗಿಸುವುದು ಆ ಕೋಣೆಯ ಬಾಗಿಲು ತೆರೆಯುವ ಮೇಷ್ಟ್ರ ಕೈಯಲ್ಲಿದೆ, ಮತ್ತು ಅವರು ನಾಳೆ ಬೆಳಿಗ್ಗೆಯೇ ಇದನ್ನು ಶುರು ಮಾಡಬಹುದು.